ಲೆಕ್ಕ ಮೊದಲು, ಕ್ಷಮೆ ಆಮೇಲೆ

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಿತೆಂದರೆ ನಮ್ಮ ಬಸದಿಗಳ ಪ್ರಾಂಗಣದಲ್ಲಿ ಕಾಣುವ ದೃಶ್ಯ ಯಾರ ಮನಸ್ಸನ್ನಾದರೂ ಆರ್ದ್ರಗೊಳಿಸುವಂಥದು. ವರ್ಷವಿಡೀ ಮಾತು ಬಿಟ್ಟಿದ್ದ ದಾಯಾದಿಗಳು ಕೈ ಜೋಡಿಸುತ್ತಾರೆ. ಹಿರಿಯರು ಕಿರಿಯರ ಮುಂದೆ ತಲೆಬಾಗುತ್ತಾರೆ. ಆಡಳಿತ ಮಂಡಳಿಯ ಅಧ್ಯಕ್ಷರು ಧ್ವನಿವರ್ಧಕದ ಮುಂದೆ ನಿಂತು, ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆಲ್ಲ ಸಮಸ್ತರ ಕ್ಷಮೆ ಬೇಡುತ್ತಾರೆ. ಈ ಆಚರಣೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನಾಲ್ಕು ದಶಕಗಳ ಕಾಲ ವ್ಯಾಪಾರದ ವ್ಯಾಜ್ಯಗಳಲ್ಲಿಯೂ ಮಾಲೀಕ-ನೌಕರರ ವಿವಾದಗಳಲ್ಲಿಯೂ ವಕೀಲನಾಗಿ, ಕೊನೆಯ ಹಲವು ವರ್ಷ ಮಧ್ಯಸ್ಥಗಾರನಾಗಿ ಕುಳಿತ ನನಗೆ ಆ ದಿನ ಒಂದು ಪ್ರಶ್ನೆ ಕಾಡದೆ ಬಿಡುವುದಿಲ್ಲ. ಹೀಗೆ ಕ್ಷಮೆ ಬೇಡುವವರಲ್ಲಿ ಎಷ್ಟು ಮಂದಿ ಅದಕ್ಕೆ ಮುನ್ನ ತಾವು ಕೊಡಬೇಕಾದುದನ್ನು ಕೊಟ್ಟು ಬಂದಿದ್ದಾರೆ?

ಪ್ರಶ್ನೆ ಕಟುವೆನಿಸಬಹುದು. ಆದರೆ ಕಟುಸತ್ಯವನ್ನು ಸಮಾಜದೊಳಗಿನವರೇ ಹೇಳದಿದ್ದರೆ ಹೊರಗಿನವರು ಹೇಳುತ್ತಾರೆ. ಆಗ ಅದು ನಿಂದೆಯಾಗುತ್ತದೆ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ನಮ್ಮ ಕುಟುಂಬಗಳಲ್ಲಿ, ನಮ್ಮ ಟ್ರಸ್ಟುಗಳಲ್ಲಿ 'ರಾಜಿ' ಎಂಬ ಒಳ್ಳೆಯ ಮಾತು ಬಾಕಿ ಉಳಿಸಿಕೊಂಡವರ ಆಶ್ರಯಸ್ಥಾನವಾಗುತ್ತಿದೆ. ಕ್ಷಮೆ, ಅನೇಕಾಂತ, ಶಾಂತಿ ಎಂಬ ಪೂಜ್ಯ ಪದಗಳನ್ನು ಬಲಿಷ್ಠರು ದುರ್ಬಲರ ಮುಂದೆ ಬಳಸುತ್ತಿದ್ದಾರೆ. ಈ ಆರೋಪದಲ್ಲಿ ನಾನು ಮೊದಲ ಆರೋಪಿ.

2014ರ ಸಂಗತಿ. ಒಂದು ಊರಿನ ಬಸದಿಯ ಟ್ರಸ್ಟಿನವರು ನನ್ನನ್ನು ಮಧ್ಯಸ್ಥಿಕೆಗೆ ಕರೆದರು. ಮಧ್ಯಸ್ಥಿಕೆಯ ಗೋಪ್ಯತೆಯನ್ನು ಕಾಯಬೇಕಾದ್ದರಿಂದ ಊರಿನ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಹೇಳುವುದಿಲ್ಲ. ಬಸದಿಯ ಜೊತೆಗೆ ಆ ಟ್ರಸ್ಟು ವಿದ್ಯಾರ್ಥಿನಿಲಯ, ಯಾತ್ರಿಕರ ವಸತಿಗೃಹ, ಭೋಜನಶಾಲೆಗಳನ್ನು ನಡೆಸುತ್ತಿತ್ತು. ಹತ್ತಕ್ಕಿಂತ ಹೆಚ್ಚು ನೌಕರರಿದ್ದರು. ಭೋಜನಶಾಲೆಯಲ್ಲಿ 22 ವರ್ಷ ಅಡುಗೆ ಮಾಡಿದ ಒಬ್ಬರು ಮಂಡಿನೋವಿನಿಂದ ನಿಲ್ಲಲಾರದೆ ಕೆಲಸ ಬಿಟ್ಟಿದ್ದರು. ನೀರು ಸೋಸುವುದರಿಂದ ಹಿಡಿದು ಸೂರ್ಯಾಸ್ತಕ್ಕೆ ಮೊದಲು ಕೊನೆಯ ಪಂಕ್ತಿ ಏಳುವವರೆಗೆ ನಮ್ಮ ಆಹಾರಶುದ್ಧಿಯ ನಿಯಮಗಳನ್ನು ಕಾಪಾಡಿಕೊಂಡು ಬಂದವರು ಅವರು. ಕೊನೆಯ ಸಂಬಳ ತಿಂಗಳಿಗೆ 13,000 ರೂಪಾಯಿ. ಮನೆಯ ಮಾಡು ಸೋರುತ್ತಿದೆ, 40,000 ರೂಪಾಯಿ ಕೊಡಿಸಿದರೆ ಉಪಕಾರವಾದೀತು ಎಂಬುದು ಅವರ ಬೇಡಿಕೆ.

ಟ್ರಸ್ಟಿನ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, "ಆಗಲಿ, ಧರ್ಮಕಾರ್ಯವೆಂದು ಕೊಡೋಣ" ಎಂದರು. ಕರಾರುಪತ್ರದಲ್ಲಿ 'ಸೇವೆಗೆ ಸಂಬಂಧಿಸಿದ ಸಮಸ್ತ ಹಕ್ಕುಗಳೂ ಇದರೊಂದಿಗೆ ತೀರಿರುತ್ತವೆ' ಎಂಬ ವಾಕ್ಯ ಸೇರಿತು. ಅಡುಗೆಯವರು, "ನೀವು ಹೇಳಿದ ಹಾಗೆ ಸ್ವಾಮಿ" ಎಂದು ಸಹಿ ಹಾಕಿ ಎಲ್ಲರಿಗೂ ಕೈ ಮುಗಿದರು. ಸಭೆಯಲ್ಲಿ ಸಂತೋಷವೋ ಸಂತೋಷ.

ನನಗೆ ಮಾತ್ರ ಲೆಕ್ಕ ಗೊತ್ತಿತ್ತು. ಉಪದಾನ, ಅಂದರೆ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವ ಕ್ರಮ ಕಠಿಣವಾದುದೇನಲ್ಲ. ತಿಂಗಳ ವೇತನವನ್ನು 26ರಿಂದ ಭಾಗಿಸಿ ದಿನದ ವೇತನ ತೆಗೆಯಬೇಕು; ಪೂರೈಸಿದ ಪ್ರತಿ ವರ್ಷಕ್ಕೆ ಅಂಥ 15 ದಿನಗಳ ವೇತನ ಸಲ್ಲಬೇಕು. 13,000ವನ್ನು 26ರಿಂದ ಭಾಗಿಸಿದರೆ 500. ಹದಿನೈದು ದಿನಕ್ಕೆ 7,500. 22 ವರ್ಷಕ್ಕೆ 1,65,000 ರೂಪಾಯಿ. ಆ ಮನುಷ್ಯ ಕೇಳಿದ್ದು ಅದರ ಕಾಲು ಭಾಗಕ್ಕಿಂತಲೂ ಕಡಿಮೆ. ಕಾರ್ಯದರ್ಶಿಗಳಿಗೂ ಇದು ಗೊತ್ತಿತ್ತೆಂಬುದು ಅವರ ಮುಖದಿಂದಲೇ ತಿಳಿಯುತ್ತಿತ್ತು. ನಾನು ಮೌನವಾಗಿದ್ದೆ. ಮಧ್ಯಸ್ಥಗಾರ ಯಾರ ಪರವೂ ವಾದಿಸಬಾರದೆಂಬ ನಿಯಮ ನನಗೆ ಆ ಕ್ಷಣದಲ್ಲಿ ಬಹಳ ಅನುಕೂಲವಾಗಿ ಕಂಡಿತು. "ಸಹಿ ಮಾಡುವ ಮೊದಲು ಬೇರೊಬ್ಬ ವಕೀಲರನ್ನೋ ಕಾರ್ಮಿಕ ಅಧಿಕಾರಿಯನ್ನೋ ಕೇಳಿ ಬನ್ನಿ, ಮುಂದಿನ ವಾರ ಸೇರೋಣ" ಎಂದಿದ್ದರೆ ನಿಯಮಕ್ಕೇನೂ ಭಂಗವಾಗುತ್ತಿರಲಿಲ್ಲ. ಆ ಒಂದು ಮಾತನ್ನು ನಾನು ಹೇಳಲಿಲ್ಲ.

ಆಚಾರ್ಯರು ಇಟ್ಟ ಹೆಸರು

ಅಂದು ನಡೆದುದಕ್ಕೆ ಕಾನೂನಿನಲ್ಲಿ 'ಇತ್ಯರ್ಥ' ಎಂದು ಹೆಸರು. ನಮ್ಮ ಶಾಸ್ತ್ರದಲ್ಲಿ ಬೇರೆಯ ಹೆಸರಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನೂ ಎಣಿಸುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ವಸ್ತು. ಅದನ್ನು ಕದಿಯುವುದು ಅಸ್ತೇಯವ್ರತಕ್ಕೆ ಸೇರಬೇಕಲ್ಲವೇ, ಸತ್ಯವ್ರತದಲ್ಲಿ ಏಕೆ ಬಂತು ಎಂದು ಯಾರಾದರೂ ಕೇಳಬಹುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇದಕ್ಕೆ ಉತ್ತರ. ಹೊನ್ನನ್ನು ಇಟ್ಟವನು ತಾನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರವೆಂಬುದು ಅವರ ಅಭಿಪ್ರಾಯದ ಸಾರ. ಇಲ್ಲಿ ಕಸಿದುಕೊಳ್ಳುವ ಕೈ ಇಲ್ಲ, ಬೈಗುಳವಿಲ್ಲ, ಕೇಳಿದ್ದಕ್ಕೆ ಇಲ್ಲವೆಂದೂ ಹೇಳಿಲ್ಲ. ಕೇಳಿದಷ್ಟನ್ನು ನಗುನಗುತ್ತಾ ಕೊಟ್ಟದ್ದೇ ದೋಷ. ಎದುರಿನವನ ಅಜ್ಞಾನಕ್ಕೆ 'ಹೌದು' ಎಂದದ್ದೇ ಅಸತ್ಯ.

ಒಂದೂವರೆ ಸಾವಿರ ವರ್ಷಗಳ ಹಿಂದೆ ಬಾಳಿದ ಆಚಾರ್ಯರಿಗೆ ನಮ್ಮ ಕರಾರುಪತ್ರಗಳು ಗೊತ್ತಿರಲಿಲ್ಲ. ಆದರೆ ಲೇವಾದೇವಿಯ ಮನಸ್ಸು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೌಕರನೊಬ್ಬನು ಇಪ್ಪತ್ತು ವರ್ಷ ದುಡಿದು, ತನಗೆ ಸಲ್ಲಬೇಕಾದ ಒಂದಂಶವನ್ನು ಮಾಲೀಕನಲ್ಲಿಯೇ ಬಿಟ್ಟಿರುತ್ತಾನೆ. ಅದು ಅವನ ನ್ಯಾಸ. ಅದೆಷ್ಟೆಂದು ಅವನಿಗೆ ತಿಳಿಯದಿದ್ದರೆ ತಿಳಿಸುವ ಹೊಣೆ ಇಟ್ಟುಕೊಂಡವರದು.

ಅನೇಕಾಂತದ ಅಪಪ್ರಯೋಗ

ಇಂಥ ಸಂದರ್ಭಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತೆಂದರೆ, "ನಾವು ಅನೇಕಾಂತವಾದಿಗಳು, ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯವಿರುತ್ತದೆ, ಅರ್ಧರ್ಧ ಮಾಡಿ ಮುಗಿಸಿ" ಎಂಬುದು. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. 'ಸ್ಯಾತ್' ಎಂಬ ಪದಕ್ಕೆ 'ಇರಬಹುದೇನೋ' ಎಂಬ ಅಳ್ಳಕದ ಅರ್ಥವಿಲ್ಲ. 'ಇಂಥ ಅಪೇಕ್ಷೆಯಿಂದ' ಎಂಬ ನಿಖರತೆ ಅದರಲ್ಲಿದೆ. ವ್ಯಾಪಾರ ಕುಸಿದುದಕ್ಕೆ ಯಾರು ಕಾರಣ, ನೌಕರನ ನಡತೆ ಸರಿಯಿತ್ತೇ, ಅಣ್ಣನ ಮಾತು ಒರಟಾಗಿತ್ತೇ ಎಂಬ ವಿಷಯಗಳಲ್ಲಿ ಹಲವು ಅಪೇಕ್ಷೆಗಳಿಂದ ಹಲವು ಸತ್ಯಗಳು ಕಾಣಬಹುದು. ಮಾರ್ಚ್ ತಿಂಗಳ ಸಂಬಳ ಕೊಟ್ಟಿದೆಯೇ ಇಲ್ಲವೇ ಎಂಬ ವಿಷಯದಲ್ಲಿ ಯಾವ ಅಪೇಕ್ಷೆಯಿಂದ ನೋಡಿದರೂ ಖಾತೆ ಪುಸ್ತಕ ಒಂದೇ ಉತ್ತರ ಹೇಳುತ್ತದೆ. ಅಲ್ಲಿಯೂ ಅರ್ಧರ್ಧ ಮಾಡುವುದು ಸಾಲಗಾರನಿಗೆ ಕೊಡುವ ಬಹುಮಾನ.

ಕುಟುಂಬಗಳ ಪಾಲುಗಾರಿಕೆ ವ್ಯಾಜ್ಯಗಳಲ್ಲಿ ಇದರ ವಿಪರೀತವನ್ನು ನೋಡಿದ್ದೇನೆ. ಅಂಗಡಿಯ ಕೀರ್ದಿ ಬರೆಯುತ್ತಿದ್ದ ತಮ್ಮನು 'ಮನೆತನದ ಮರ್ಯಾದೆಗಾಗಿ ಲೆಕ್ಕ ಕೆದಕುವುದು ಬೇಡ' ಎನ್ನುತ್ತಾನೆ. ಸಮಾಜದ ಹಿರಿಯರು ಅವನ ಮಾತನ್ನೇ ಧರ್ಮವೆಂದು ಅನುಮೋದಿಸುತ್ತಾರೆ. ಲೆಕ್ಕ ಕೇಳಿದ ಅಣ್ಣನು ಜಗಳಗಂಟನೆನಿಸಿಕೊಳ್ಳುತ್ತಾನೆ. ಅವನು ಒತ್ತಾಯಕ್ಕೆ ಸಹಿ ಹಾಕಿ, ಮನಸ್ಸಿನಲ್ಲಿ ಕಷಾಯವನ್ನು ಉಳಿಸಿಕೊಂಡು ಮನೆಗೆ ಹೋಗುತ್ತಾನೆ. ಹತ್ತು ವರ್ಷಗಳ ಬಳಿಕ ಅವನ ಮಗ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ. ಕ್ರೋಧವನ್ನು ಅಡಗಿಸಿಟ್ಟದ್ದನ್ನು ನಾವು ಶಾಂತಿಯೆಂದು ಕರೆದಿದ್ದೆವು, ಅಷ್ಟೆ.

ಇದೇ ಹಿರಿಯರು ಮರುದಿನ ಮಧ್ಯಸ್ಥಿಕೆಯ ಕೋಣೆಯಲ್ಲಿ ಯಾರು ಅತ್ತರು, ಯಾರು ಎಷ್ಟಕ್ಕೆ ಇಳಿದರು ಎಂಬುದನ್ನು ಬಸದಿಯ ಜಗಲಿಯಲ್ಲಿ ಕುಳಿತು ಬಣ್ಣಿಸುವುದುಂಟು. ಏಕಾಂತದ ಮಾತನ್ನು ಹೊರಹಾಕುವುದೂ ಸತ್ಯವ್ರತದ ಅತಿಚಾರವೇ. ರಹೋಭ್ಯಾಖ್ಯಾನವೆಂದು ಅದಕ್ಕೆ ಹೆಸರು. ಮಧ್ಯಸ್ಥಿಕೆಯ ಕಾನೂನು ಗೋಪ್ಯತೆಯನ್ನು ವಿಧಿಸುವುದಕ್ಕೆ ಎಷ್ಟೋ ಶತಮಾನ ಮುನ್ನ ನಮ್ಮ ಶ್ರಾವಕಾಚಾರ ಅದನ್ನು ವಿಧಿಸಿತ್ತು.

ಒಬ್ಬ ವಕೀಲರ ಎರಡು ವ್ಯಾಜ್ಯಗಳು

ಹಾಗಾದರೆ ನಿಜವಾದ ರಾಜಿ ಹೇಗಿರುತ್ತದೆ? ಬಹಳ ಹಿಂದೆ ಹೋಗಬೇಕಾಗಿಲ್ಲ. ಗಾಂಧೀಜಿಯವರು ವಕೀಲರಾಗಿದ್ದರೆಂಬುದನ್ನು ನಾವು ಮರೆತಿದ್ದೇವೆ. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಅವರ ವಾಣಿಜ್ಯ ವ್ಯಾಜ್ಯವೊಂದರ ಸಲುವಾಗಿ. ಪ್ರಿಟೋರಿಯಾದ ವರ್ತಕ ತೈಯಬ್ ಸೇಠ್ ಅವರಿಂದ 40,000 ಪೌಂಡುಗಳು ಬರಬೇಕೆಂಬುದು ದಾವೆ. ವಾದಿ ಪ್ರತಿವಾದಿಗಳಿಬ್ಬರೂ ಬಂಧುಗಳು. ತರುಣ ವಕೀಲರಿಗೆ ಲೆಕ್ಕಪತ್ರದ ಗಂಧವೂ ಇರಲಿಲ್ಲ. ಪ್ರಾಮಿಸರಿ ನೋಟು ಎಂದರೇನೆಂಬುದೇ ತಿಳಿದಿರಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅವರು ಮಾಡಿದ ಮೊದಲ ಕೆಲಸ ಲೆಕ್ಕ ಬರೆಯುವ ವಿದ್ಯೆಯ ಪುಸ್ತಕ ಕೊಂಡು ಓದಿದ್ದು. ಆಮೇಲೆ ಕಕ್ಷಿದಾರರ ಕಾಗದಪತ್ರಗಳನ್ನೆಲ್ಲ ಅರಗಿಸಿಕೊಂಡದ್ದು.

ಆ ಬಳಿಕವೇ ಅವರು ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ಪಂಚರು ಅರ್ಧರ್ಧ ಮಾಡಲಿಲ್ಲ. ತೀರ್ಪು ದಾದಾ ಅಬ್ದುಲ್ಲಾ ಅವರ ಪರವಾಗಿ ಬಂತು. 37,000 ಪೌಂಡು ಮತ್ತು ಖರ್ಚು ಸಲ್ಲಬೇಕೆಂದಾಯಿತು. ಒಮ್ಮೆಗೇ ಕೊಡಬೇಕಾಗಿ ಬಂದರೆ ತೈಯಬ್ ಸೇಠ್ ದಿವಾಳಿಯಾಗುತ್ತಿದ್ದರು. ಆಗ ಗಾಂಧೀಜಿ ಗೆದ್ದವರ ಬಳಿಗೆ ಹೋಗಿ, ದೀರ್ಘಕಾಲದ ಕಂತುಗಳಲ್ಲಿ ಹಣ ಪಡೆಯಲು ಅವರನ್ನು ಒಪ್ಪಿಸಿದರು. ಪಂಚಾಯ್ತಿಗೆ ಒಪ್ಪಿಸುವುದಕ್ಕಿಂತ ಈ ಔದಾರ್ಯಕ್ಕೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತೆಂದು ಅವರು ಬರೆದಿದ್ದಾರೆ. ಈ ಕ್ರಮವನ್ನು ಓದುಗರು ಗಮನಿಸಬೇಕು. ಮೊದಲು ಲೆಕ್ಕ, ಅನಂತರ ಹಕ್ಕಿನ ನಿರ್ಣಯ, ಕೊನೆಗೆ ಹಕ್ಕುಳ್ಳವನು ತಾನಾಗಿ ತೋರಿದ ದಯೆ. ದಯೆ ತೋರುವ ಅಧಿಕಾರ ಕೊಡಬೇಕಾದವನಿಗೆ ಇರಲಿಲ್ಲ, ಅದು ಪಡೆಯಬೇಕಾದವನದಾಗಿತ್ತು.

ಎರಡನೆಯದು ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ ಕಥೆ. 1918ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ಪ್ಲೇಗಿನ ಕಾಲದ ಬೋನಸ್ಸು ನಿಂತುಹೋದಾಗ ಕಾರ್ಮಿಕರ ವಿವಾದ ಎದ್ದಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಜೈನ ಮನೆತನದವರು. ಕಾರ್ಮಿಕರ ಪರವಾಗಿ ನಿಂತವರಲ್ಲಿ ಅವರ ಅಕ್ಕ ಅನಸೂಯಾಬೆನ್ ಪ್ರಮುಖರು. ಮಾಲೀಕರು ಶೇಕಡಾ 20ರಷ್ಟು ಏರಿಕೆ ಕೊಡುತ್ತೇವೆಂದರು; ಕಾರ್ಮಿಕರು 50 ಕೇಳುತ್ತಿದ್ದರು. ಗಾಂಧೀಜಿ ಎರಡನ್ನೂ ಕೂಡಿಸಿ ಅರ್ಧ ಮಾಡಲಿಲ್ಲ. ಬೆಲೆಗಳನ್ನೂ ಮುಂಬಯಿಯ ಕೂಲಿದರಗಳನ್ನೂ ಸಹಚರರೊಡನೆ ಪರಿಶೀಲಿಸಿ, ಶೇಕಡಾ 35 ನ್ಯಾಯವೆಂದು ಕಂಡುಕೊಂಡು, ಕಾರ್ಮಿಕರು ಅದಕ್ಕೆ ಇಳಿಯುವಂತೆ ಮಾಡಿದರು. ಮುಷ್ಕರದ ಕೊನೆಯಲ್ಲಿ ವಿಷಯ ಆನಂದಶಂಕರ ಧ್ರುವ ಅವರ ಪಂಚಾಯ್ತಿಗೆ ಹೋಯಿತು. ಅವರ ತೀರ್ಪೂ ಶೇಕಡಾ 35 ಎಂದೇ ಬಂತು. ಮುಷ್ಕರ ನಡುಗುತ್ತಿದ್ದಾಗ ತಾವು ಕೈಗೊಂಡ ಉಪವಾಸ ಮಾಲೀಕರ ಮೇಲೆ ಒತ್ತಡವಾಯಿತು, ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ಹೇಳಿಕೊಂಡರು. ಬಲಿಷ್ಠ ಮಾಲೀಕರ ಮೇಲೆ ಬಿದ್ದ ನೈತಿಕ ಒತ್ತಡವೂ ಅವರ ಅಂತಃಕರಣವನ್ನು ಚುಚ್ಚಿತು. ಅಡುಗೆಯವನ ಮೇಲೆ ಇಡೀ ಆಡಳಿತ ಮಂಡಳಿಯ ಒತ್ತಡ ಬಿದ್ದಾಗ ನಮಗೆ ಏನೂ ಚುಚ್ಚುವುದಿಲ್ಲವೇ?

ಕಾನೂನಿನ ಸಂದಿಗಳು

ಇಂದು ಮಧ್ಯಸ್ಥಿಕೆಗೆ ಕಾನೂನಿನ ಬೆಂಬಲ ಬೇಕಾದಷ್ಟಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಲ್ಲಿ ಈಗಿನ ರೂಪದಲ್ಲಿ ಜಾರಿಗೆ ಬಂತು. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ 2018ರಲ್ಲಿ ಸೇರಿದ ಕಲಮಿನಂತೆ, ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ನಮ್ಮವರಲ್ಲಿ ಅನೇಕರು ಇದನ್ನು ಹೇಗೆ ಪಾಲಿಸುತ್ತಾರೆ? ನೋಟೀಸು ಬಂದಾಗ ಹಾಜರಾಗದೆ ಕುಳಿತು, ಮಧ್ಯಸ್ಥಿಕೆ ಆರಂಭವೇ ಆಗಲಿಲ್ಲವೆಂಬ ವರದಿ ಹೊರಬೀಳಲೆಂದು ಕಾಯುತ್ತಾರೆ. ಹಾಗೆ ಕಾಯಲು ಸಲಹೆ ಕೊಡುವ ವಕೀಲರೂ ನನ್ನ ವೃತ್ತಿಬಾಂಧವರೇ ಎಂದು ನಾಚಿಕೆಯಿಂದ ಹೇಳುತ್ತೇನೆ. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ. ಮೂವರು ಮಧ್ಯಸ್ಥಗಾರರು, ಎರಡೂ ಪಕ್ಷಗಳ ಪೂರ್ವಸಮ್ಮತಿ ಎಂಬುದು ಅದರ ಕಲ್ಪನೆ. ಆದರೆ ಅಂಥ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿರುವುದಿಲ್ಲ. ಸಮಾಜದ ಪ್ರಾಮಾಣಿಕತೆಯೊಂದೇ ಅದರ ಬಲ. ಆ ಬಲ ನಮ್ಮಲ್ಲಿದೆಯೇ?

ಟ್ರಸ್ಟುಗಳ ಮುಂದೆ ಈಗ ಹೊಸದೊಂದು ಪ್ರಲೋಭನೆ ಬಂದು ನಿಂತಿದೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ 'ಉದ್ಯಮ' ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿತು. ಕೇವಲ ಆಧ್ಯಾತ್ಮಿಕ ಕಾರ್ಯವನ್ನು ಅದರಿಂದ ಹೊರಗಿಟ್ಟರೂ, ದೊಡ್ಡ ಪ್ರಮಾಣದಲ್ಲಿ ಪ್ರಸಾದ ಅಥವಾ ಆಹಾರ ತಯಾರಿಸುವಂಥ ಕೆಲಸವನ್ನು ಒಳಗೇ ಇಟ್ಟಿತು. ಆ ವ್ಯಾಖ್ಯೆಯ ಮರುಪರಿಶೀಲನೆಯನ್ನು 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಾದರೋ, ದತ್ತಿ ಮತ್ತು ಪರೋಪಕಾರದ ಸೇವೆಯಲ್ಲಿ ಬಹುಮಟ್ಟಿಗೆ ತೊಡಗಿರುವ ಸಂಸ್ಥೆಗಳನ್ನು 'ಉದ್ಯಮ'ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. 'ಇನ್ನು ನಮ್ಮ ನೌಕರರು ಕೈಗಾರಿಕಾ ನ್ಯಾಯಮಂಡಳಿಗೆ ಹೋಗುವಂತಿಲ್ಲ' ಎಂದು ಟ್ರಸ್ಟಿನವರೊಬ್ಬರು ನನ್ನಲ್ಲಿ ಸಂತೋಷದಿಂದ ಹೇಳಿದರು. ನಾವು ಪರೋಪಕಾರಿಗಳೆಂಬ ಕಾರಣಕ್ಕೆ ಕಾನೂನು ನಮ್ಮನ್ನು ಬಿಟ್ಟಿದೆ. ಆ ಬಿಡುಗಡೆಯನ್ನು ನಮ್ಮ ಬಡನೌಕರನ ವಿರುದ್ಧ ಬಳಸಿದರೆ ಪರೋಪಕಾರವೆಂಬ ಮಾತಿಗೇನು ಉಳಿಯಿತು? ಕಾನೂನು ಅನ್ವಯಿಸದ ಸ್ಥಳದಲ್ಲಿಯೇ ಅಣುವ್ರತದ ಪರೀಕ್ಷೆ. ಹೊರೆ ಹೆಚ್ಚು ಹೇರುವುದನ್ನೂ ಅನ್ನಪಾನ ತಡೆಯುವುದನ್ನೂ ಅಹಿಂಸಾಣುವ್ರತದ ಅತಿಚಾರಗಳೆಂದು ಸಾರಿದ ಧರ್ಮ ನಮ್ಮದು.

ಆಕ್ಷೇಪಗಳು ಬರುತ್ತವೆ. 'ಬಸದಿಯ ಹಣ ದೇವದ್ರವ್ಯ. ಅದನ್ನು ನೌಕರರಿಗೆ ಹಂಚಲಾಗದು' ಎನ್ನುವವರಿದ್ದಾರೆ. ಕೊಡದೆ ಉಳಿಸಿದ ಸಂಬಳ ಎಂದೂ ದೇವದ್ರವ್ಯವಾಗಿರಲಿಲ್ಲ. ಅದು ಹುಂಡಿಯಲ್ಲಿ ಸಿಕ್ಕಿಕೊಂಡಿರುವ ಪರದ್ರವ್ಯ. ಅದರಿಂದ ಮಾಡಿಸಿದ ಅಭಿಷೇಕದ ಪುಣ್ಯವನ್ನು ಯಾರ ಹೆಸರಿಗೆ ಬರೆಯುವುದು? 'ನಾವು ಟ್ರಸ್ಟಿಗಳು ಒಂದು ಪೈಸೆ ಪಡೆಯದೆ ದುಡಿಯುತ್ತೇವೆ' ಎಂಬುದು ಇನ್ನೊಂದು. ನಿಮ್ಮ ಸೇವೆ ಶ್ಲಾಘ್ಯ. ಆದರೆ ನಿಮಗೆ ಬೇರೆ ಕಡೆ ಅಂಗಡಿಯಿದೆ, ತೋಟವಿದೆ. ಸಂಬಳವನ್ನೇ ನಂಬಿದವನ ಮೇಲೆ ನಿಮ್ಮ ತ್ಯಾಗವನ್ನು ಹೇರುವುದು ತ್ಯಾಗವಾಗದು. 'ಅವನೇ ಸಂತೋಷದಿಂದ ಒಪ್ಪಿ ಸಹಿ ಹಾಕಿದ' ಎಂಬುದು ಮೂರನೆಯದು. ಇದಕ್ಕೆ ಪೂಜ್ಯಪಾದರು ಆಗಲೇ ಉತ್ತರ ಹೇಳಿದ್ದಾರೆ.

ಮಾಡಬೇಕಾದುದು

ಟೀಕಿಸಿ ಸುಮ್ಮನಾಗುವುದು ಸುಲಭ. ಆದ್ದರಿಂದ ಟ್ರಸ್ಟುಗಳ ಮುಂದೆಯೂ ವ್ಯಾಪಾರಿ ಕುಟುಂಬಗಳ ಮುಂದೆಯೂ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ಪ್ರತಿಯೊಬ್ಬ ನೌಕರನಿಗೂ, ಪುರೋಹಿತರಿಂದ ಹಿಡಿದು ಕಸ ಗುಡಿಸುವವರವರೆಗೆ, ನೇಮಕಾತಿ ಪತ್ರ ಕೊಡಿ. ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಎಷ್ಟು ಸಂಚಯವಾಗಿದೆ ಎಂಬುದನ್ನು ಕನ್ನಡದಲ್ಲಿ ಬರೆದು ತಿಳಿಸಿ. ಹದಿನೈದು ದಿನದ ಆ ಉಪದಾನದ ಅಳತೆಗೋಲು ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. ನಿಮ್ಮ ಸಂಸ್ಥೆಗೆ ಅದು ಅನ್ವಯಿಸದಿದ್ದರೂ ಅಳತೆಗೋಲಾಗಿ ಅದನ್ನು ಒಪ್ಪಿಕೊಳ್ಳಿ.

ಎರಡನೆಯದು, ಯಾವ ರಾಜಿಪತ್ರದಲ್ಲಿಯೂ 'ಒಪ್ಪಿದ ಮೊತ್ತ'ಕ್ಕೆ ಮೊದಲು 'ಸಲ್ಲಬೇಕಾದ ಮೊತ್ತ' ಎಂಬ ಸಾಲು ಇರಲಿ. ಎರಡರ ನಡುವಿನ ಅಂತರ ಎಲ್ಲರ ಕಣ್ಣಿಗೂ ಕಾಣಲಿ. ಪಡೆಯಬೇಕಾದವನು ಅದನ್ನು ಕಂಡೂ ಬಿಟ್ಟರೆ ಅದು ಅವನ ದಾನ. ಆಗ ನೀವು ಅವನಿಗೆ ಕೈ ಮುಗಿಯಬೇಕು.

ಮೂರನೆಯದು, ದುರ್ಬಲ ಪಕ್ಷಕ್ಕೆ ಸ್ವತಂತ್ರ ಸಲಹೆ ಪಡೆಯಲು ಕಾಲಾವಕಾಶವಿಲ್ಲದೆ ಸಹಿ ಮಾಡಿಸಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ, ಬಡವರಿಗೆ ನಿಗದಿತ ಮಿತಿಯೊಳಗೆ ಉಚಿತ ಕಾನೂನು ನೆರವುಂಟು. ತಾಲ್ಲೂಕು ಮಟ್ಟದಲ್ಲಿಯೇ ಅದಕ್ಕೆ ಸಮಿತಿಗಳಿವೆ. ಆ ಬಾಗಿಲನ್ನು ತೋರಿಸುವುದು ಟ್ರಸ್ಟಿಗೆ ದ್ರೋಹವೆಂದು ಯಾರೂ ಭಾವಿಸಬೇಕಾಗಿಲ್ಲ.

ನಾಲ್ಕನೆಯದು, ಟ್ರಸ್ಟಿನ ವಿವಾದಕ್ಕೆ ಟ್ರಸ್ಟಿಗಳ ಬಂಧುವನ್ನೋ, ಟ್ರಸ್ಟಿನಿಂದ ಸನ್ಮಾನ ಪಡೆದ ವಕೀಲನನ್ನೋ ಮಧ್ಯಸ್ಥನಾಗಿ ಕೂರಿಸಬೇಡಿ. 2014ರಲ್ಲಿ ನಾನು ಕುಳಿತ ಆ ಕುರ್ಚಿಯಲ್ಲಿ ಕೂರಲು ನಾನು ಅರ್ಹನಾಗಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಅದೇ ಸಂಸ್ಥೆಯ ಶಾಲು ನನ್ನ ಹೆಗಲ ಮೇಲೆ ಬಿದ್ದಿತ್ತು.

ಮರುವರ್ಷದ ಕ್ಷಮಾವಾಣಿಯಂದು ಆ ಅಡುಗೆಯವರು ಕೋಲೂರಿಕೊಂಡು ಬಂದು, ತಪ್ಪಿದ್ದರೆ ಕ್ಷಮಿಸಬೇಕೆಂದು ನನ್ನಲ್ಲಿಯೇ ಕೇಳಿದರು. ಜೈನರಲ್ಲದಿದ್ದರೂ 22 ವರ್ಷ ನಮ್ಮ ಜೊತೆ ಇದ್ದು ಆ ಪದ್ಧತಿಯನ್ನು ಕಲಿತಿದ್ದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ವಾರವೇ ಟ್ರಸ್ಟಿಗೆ ಲೆಕ್ಕ ಸಹಿತ ಪತ್ರ ಬರೆದೆ. 'ಸಹಿಯಾಗಿ ಮುಗಿದ ವಿಷಯವನ್ನು ಕೆದಕುವುದು ಸಮಾಜಹಿತವಲ್ಲ' ಎಂಬ ಉತ್ತರ ಬಂತು.

ಆ ಸಂಸ್ಥೆಯವರೂ ಈ ಪತ್ರಿಕೆಯನ್ನು ಓದುತ್ತಾರೆ. ಅವರಿಗೂ, ಅವರಂತೆಯೇ ಖಾತೆ ಮುಚ್ಚಿಕೊಂಡು ಕೈ ಜೋಡಿಸುತ್ತಿರುವ ನಮ್ಮೆಲ್ಲರಿಗೂ ನನ್ನ ವಿನಂತಿ ಇಷ್ಟೆ. ಬರುವ ದಶಲಕ್ಷಣ ಪರ್ವಕ್ಕೆ ಒಂದು ತಿಂಗಳು ಮುಂಚೆ ಪುಸ್ತಕಗಳನ್ನು ತೆಗೆಯಿರಿ. ಕೊಡಬೇಕಾದವರ ಹೆಸರು ಬರೆಯಿರಿ, ಎದುರಿಗೆ ಮೊತ್ತ ಬರೆಯಿರಿ, ಕೊಟ್ಟು ರಸೀದಿ ಪಡೆಯಿರಿ. ಅಡುಗೆಯವರ ಹೆಸರಿನ ಮುಂದೆ ಇನ್ನೂ 1,25,000 ರೂಪಾಯಿ ಬಾಕಿಯಿದೆ. ಅದು ಸಂದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳೋಣ; ನಾನೂ ನಿಮ್ಮೊಡನೆ ಬರುತ್ತೇನೆ.